ಊರಿನ ಮನೆಯ ಡಿವಿಆರ್ ಬೆಂಗಳೂರಿನ ಮೊಬೈಲಿನಲ್ಲಿ ಕಾಣಬೇಕಾದರೆ ರೂಟರಿನಲ್ಲಿ ಏನೇನು ಮಾಡಬೇಕು

ಸಾಗರದ ಕಡೆಯ ನಮ್ಮ ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದು ಅಡಿಕೆಗಾಗಿ. ಕೊಯ್ಲಿನ ಸಮಯದಲ್ಲಿ ಅಡಿಕೆ ಅಂಗಳದಲ್ಲಿ ಹರಡಿಕೊಂಡಿದ್ದರೆ ಅಪ್ಪಯ್ಯನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನಾಯಿ ಬೊಗಳಿದರೆ ಸಾಕು, ಟಾರ್ಚ್ ಹಿಡಿದು ಏಳುತ್ತಾರೆ. ಕ್ಯಾಮೆರಾ ಬಂತು, ಅವುಗಳ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ಬಂತು, ಜಗುಲಿಯ ಟಿವಿಯಲ್ಲಿ ಅಂಗಳ, ಕೊಟ್ಟಿಗೆ, ಗೇಟು, ಹಿತ್ತಲು ನಾಲ್ಕೂ ಚೌಕ ಚೌಕವಾಗಿ ಕಂಡವು. ಅಡುಗೆಮನೆ ಬಾಗಿಲಿಗೂ ಒಂದು ಹಾಕೋಣ ಎಂದದ್ದಕ್ಕೆ ಅಮ್ಮ ಸುತರಾಂ ಒಪ್ಪಲಿಲ್ಲ, ಅದು ಬೇರೆ ಕಥೆ. ನನಗೆ ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ನೋಡಬೇಕಿತ್ತು. ಕ್ಯಾಮೆರಾ ಹಾಕಿದ ಹುಡುಗ "ರೂಟರಲ್ಲಿ ಪೋರ್ಟ್ ಓಪನ್ ಮಾಡಿದ್ರೆ ಆಯ್ತು ಸರ್" ಎಂದು ಹೇಳಿ ಬೈಕ್ ಹತ್ತಿ ಹೋದ. ಆ "ಆಯ್ತು" ಎಂಬ ಒಂದು ಮಾತಿಗೆ ನನ್ನ ಮೂರು ಭಾನುವಾರ ಹೋದವು.

ಪೋರ್ಟ್ ಎಂದರೆ ಹೊರಗಿನಿಂದ ಒಳಗೆ ಬರಲು ಇರುವ, ನಂಬರ್ ಹಾಕಿದ ಬಾಗಿಲು ಎಂದುಕೊಳ್ಳಿ. ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಹತ್ತು ವರ್ಷದ ಹಿಂದೆ ಅಷ್ಟೇ ಮಾಡಿದರೆ ಸಾಕಿತ್ತು. ಈಗ ತುಂಬಾ ಮನೆಗಳಲ್ಲಿ ಅದು ಕೆಲಸವೇ ಮಾಡುವುದಿಲ್ಲ, ಕೆಲಸ ಮಾಡುವ ಮನೆಗಳಲ್ಲಿ ಹಾಗೆ ಬಿಟ್ಟಿರುವುದು ಒಳ್ಳೆಯದಲ್ಲ. ಆದ್ದರಿಂದ ಪೋರ್ಟ್ ತೆರೆಯುವುದು ಹೇಗೆ ಎಂದೂ ಹೇಳುತ್ತೇನೆ, ಅದನ್ನು ತೆರೆಯದೆ ಕೆಲಸ ಮುಗಿಸುವುದು ಹೇಗೆ ಎಂದೂ ಹೇಳುತ್ತೇನೆ. ನನ್ನನ್ನು ಕೇಳಿದರೆ ಎರಡನೆಯದೇ ಸರಿ.

ಮೊದಲು ಮನೆಯೊಳಗಿನ ಕೆಲಸ

ಡಿವಿಆರ್‌ನಿಂದ ರೂಟರಿಗೆ ಲ್ಯಾನ್ ಕೇಬಲ್ಲೇ ಎಳೆಯಿರಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಅಷ್ಟು ದೊಡ್ಡ ಮನೆ ಯಾರದೂ ಇರಲಿಕ್ಕಿಲ್ಲ. ವೈಫೈ ಡಾಂಗಲ್ ಹಾಕುತ್ತೇನೆ ಎನ್ನುವವರ ಮಾತು ಕೇಳಬೇಡಿ. ಮಣ್ಣಿನ ದಪ್ಪ ಗೋಡೆಯ ಹಳೇ ಮನೆಗಳಲ್ಲಂತೂ ವೈಫೈ ಪಕ್ಕದ ಕೋಣೆಗೂ ಸರಿಯಾಗಿ ಹೋಗುವುದಿಲ್ಲ.

ಕೇಬಲ್ ಹಾಕಿದ ಮೇಲೆ ಡಿವಿಆರ್‌ನ ಮೆನುವಿನಲ್ಲಿ ನೆಟ್‌ವರ್ಕ್ ಪುಟ ತೆರೆಯಿರಿ. ಅಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ನಂಬರ್), ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ಒಂದೇ ನೆಟ್‌ವರ್ಕಿನವು ಎಂದು ಹೇಳುವುದು), ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೂಟರಿನ ವಿಳಾಸ), ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವುದು) ಎಂದು ನಾಲ್ಕು ಸಾಲು ಇರುತ್ತವೆ. ನನ್ನ ಮೊದಲನೇ ಭಾನುವಾರ ಹೋದದ್ದು ಇಲ್ಲೇ. ಡಿವಿಆರ್‌ಗಳು ಕಂಪನಿಯಿಂದ ಬರುವಾಗಲೇ ಒಂದು ವಿಳಾಸ ಹಾಕಿಕೊಂಡು ಬರುವುದುಂಟು. ಹಿಕ್‌ವಿಷನ್‌ನಲ್ಲಿ ಸಾಮಾನ್ಯವಾಗಿ 192.168.1.64, ದಾಹುವಾ ಮೂಲದವುಗಳಲ್ಲಿ 192.168.1.108. ನಿಮ್ಮ ರೂಟರ್ 192.168.1.1 ಆಗಿದ್ದರೆ ಸರಿ. ಆದರೆ ಜಿಯೋ ಫೈಬರ್ ರೂಟರಿನ ವಿಳಾಸ 192.168.29.1, ಕೆಲವು ಹುವಾವೇ ಪೆಟ್ಟಿಗೆಗಳದ್ದು 192.168.100.1, ಬೇರೆ ಕೆಲವದ್ದು 192.168.0.1. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ಬೇರೆಯಾಯಿತೆಂದರೆ ಡಿವಿಆರ್ ಒಂದು ಬೀದಿಯಲ್ಲಿ, ರೂಟರ್ ಇನ್ನೊಂದು ಬೀದಿಯಲ್ಲಿ ಇದ್ದ ಹಾಗೆ. ಕೇಬಲ್ ಸರಿ ಇದೆ, ದೀಪ ಮಿಣಮಿಣ ಎನ್ನುತ್ತದೆ, ಆದರೂ ಮಾತುಕತೆ ಇಲ್ಲ.

ಇದಕ್ಕೆ ಮದ್ದು ಸುಲಭ. ಡಿವಿಆರ್‌ನಲ್ಲಿ ಡಿಎಚ್‌ಸಿಪಿ ಎನ್ನುವುದನ್ನು ಆನ್ ಮಾಡಿ. ರೂಟರೇ ಅದಕ್ಕೆ ಒಂದು ವಿಳಾಸ ಕೊಡುತ್ತದೆ, ಗೇಟ್‌ವೇ ಮತ್ತು ಡಿಎನ್‌ಎಸ್ ಕೂಡ ತಾನೇ ತುಂಬುತ್ತದೆ. ಆಮೇಲೆ ರೂಟರಿನ ಒಳಗೆ ಹೋಗಿ ಆ ವಿಳಾಸವನ್ನು ಡಿವಿಆರ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ಕಂಪನಿಯೇ ಅದಕ್ಕೆ ಕೊಟ್ಟ ಗುರುತಿನ ನಂಬರಿಗೆ, ಕಟ್ಟಿಹಾಕಿ. ಡಿಎಚ್‌ಸಿಪಿ ರಿಸರ್ವೇಶನ್, ಸ್ಟ್ಯಾಟಿಕ್ ಲೀಸ್, ಅಡ್ರೆಸ್ ಬೈಂಡಿಂಗ್ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಕೆಲಸ ಒಂದೇ. ಇದನ್ನು ಮಾಡದಿದ್ದರೆ ಇವತ್ತು ಡಿವಿಆರ್ 192.168.1.5 ಆಗಿರುತ್ತದೆ, ಕರೆಂಟ್ ಹೋಗಿ ಬಂದ ಮೇಲೆ ಅದೇ ನಂಬರ್ ಯಾರದೋ ಮೊಬೈಲಿಗೆ ಹೋಗಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ಲೆಕ್ಕ ಹಾಕಿ, ಇದು ಯಾಕೆ ಬೇಕು ಎಂದು ಗೊತ್ತಾಗುತ್ತದೆ.

ಇಲ್ಲ, ನಾನು ವಿಳಾಸವನ್ನು ಕೈಯಾರೆ ಬರೆಯುತ್ತೇನೆ ಅನ್ನುವವರು ಗೇಟ್‌ವೇ ಸಾಲನ್ನು ಎರಡು ಸಲ ನೋಡಿ. ಅದು ತಪ್ಪಿದ್ದರೆ ಮನೆಯ ವೈಫೈನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಹೊರಗಿನಿಂದ ಮಾತ್ರ ಕಾಣುವುದಿಲ್ಲ. ನಾವು ರೂಟರನ್ನು, ಇಂಟರ್ನೆಟ್ ಕಂಪನಿಯನ್ನು, ಗ್ರಹಚಾರವನ್ನು ಬೈಯುತ್ತಾ ಕೂರುತ್ತೇವೆ. ಡಿಎನ್‌ಎಸ್ ಖಾಲಿ ಬಿಟ್ಟರೆ ಕಂಪನಿಯ ಆ್ಯಪಿನಲ್ಲಿ ಡಿವಿಆರ್ ಸದಾ ಆಫ್‌ಲೈನ್ ಎಂದೇ ತೋರಿಸುತ್ತದೆ. ಅಲ್ಲಿ 8.8.8.8 ಅಥವಾ 1.1.1.1 ಹಾಕಿ.

ನಿಮಗೆ ಸ್ವಂತ ವಿಳಾಸ ಇದೆಯಾ?

ಮುಂದಿನ ಎಲ್ಲವೂ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಇದನ್ನು ನೋಡಿಕೊಳ್ಳದೆ ಪೋರ್ಟ್ ತೆರೆಯಲು ಹೋದದ್ದು ನನ್ನ ಎರಡನೇ ಭಾನುವಾರದ ಕಥೆ.

ರೂಟರ್ ಮಾಡುವ ಕೆಲಸವನ್ನು ಹಳೇ ಬೆಂಗಳೂರಿನ ವಠಾರಕ್ಕೆ ಹೋಲಿಸಬಹುದು. ವಠಾರಕ್ಕೆಲ್ಲ ಸೇರಿ ಡೋರ್ ನಂಬರ್ ಒಂದೇ. ಒಳಗೆ ಹತ್ತು ಮನೆ. ಒಳಗಿನವರು ಯಾರು ಬೇಕಾದರೂ ಹೊರಗೆ ಹೋಗಬಹುದು, ಅವರು ತರಿಸಿದ ಸಾಮಾನು ಬಂದರೆ ಯಾರಿಗೆ ಕೊಡಬೇಕು ಎಂದು ಗೇಟಿನಲ್ಲಿ ಕೂತವನಿಗೆ ನೆನಪಿರುತ್ತದೆ. ಆದರೆ ಯಾರೋ ಅಪರಿಚಿತರು ಬಂದು ಸುಮ್ನೆ ಬಾಗಿಲು ತಟ್ಟಿದರೆ ಅವನು ಒಳಗೆ ಬಿಡುವುದಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಅವನಿಗೆ ಮೊದಲೇ ಒಂದು ಚೀಟಿ ಬರೆದುಕೊಡುವುದು: "37777 ಎಂದು ಹೇಳಿಕೊಂಡು ಯಾರಾದರೂ ಬಂದರೆ ಆರನೇ ಮನೆಗೆ ಕಳಿಸಿ".

ಈಗಿನ ತೊಂದರೆ ಏನೆಂದರೆ ಆ ಇಡೀ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗೆ ಇರುತ್ತದೆ. ಐಪಿವಿ4 ಎಂಬ ಹಳೇ ಬಗೆಯ ವಿಳಾಸಗಳು ಇರುವುದೇ ಸುಮಾರು 429 ಕೋಟಿ. ನಮ್ಮ ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದೊಡ್ಡ ಗಂಟನ್ನು ಬಿಚ್ಚಿತು, ಅಲ್ಲಿಂದ ರೇಷನ್. ಆದ್ದರಿಂದ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿ ನ್ಯಾಟ್ ಎನ್ನುತ್ತಾರೆ. ನಿಮ್ಮ ಗೇಟಿನವನಿಗೆ ನೀವು ಎಷ್ಟು ಚೀಟಿ ಬರೆದುಕೊಟ್ಟರೂ ಆಚೆಯ ದೊಡ್ಡ ಗೇಟಿನವನು ನಿಮ್ಮ ಮಾತು ಕೇಳುವವನಲ್ಲ.

ಪರೀಕ್ಷೆ ಹೀಗೆ ಮಾಡಿ. ಮನೆಯ ವೈಫೈಗೆ ಸೇರಿಕೊಂಡು ಬ್ರೌಸರಿನಲ್ಲಿ ರೂಟರಿನ ವಿಳಾಸ ಹೊಡೆದು ಒಳಗೆ ಹೋಗಿ. ಯೂಸರ್ ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ಪೆಟ್ಟಿಗೆಯ ಅಡಿಯ ಸ್ಟಿಕ್ಕರಿನಲ್ಲಿ ಇರುತ್ತದೆ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) ಎಂದು ಒಂದು ನಂಬರ್ ಇದೆ, ಬರೆದುಕೊಳ್ಳಿ. ಆಮೇಲೆ ಗೂಗಲ್‌ನಲ್ಲಿ "ನನ್ನ ಐಪಿ ಏನು" ಎಂದು ಇಂಗ್ಲಿಷಿನಲ್ಲಿ ಕೇಳಿ, ಅದು ತೋರಿಸುವ ನಂಬರನ್ನೂ ಬರೆದುಕೊಳ್ಳಿ. ಎರಡೂ ಒಂದೇ ಆದರೆ ನಿಮಗೆ ಸ್ವಂತ ವಿಳಾಸ ಇದೆ. ಬೇರೆ ಬೇರೆ ಆದರೆ, ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾದರೆ, ಸಿಜಿ ನ್ಯಾಟ್ ಎಂದು ತಿಳಿಯಿರಿ. 2012ರಲ್ಲಿ ಈ ಸಾಲನ್ನು ಇದಕ್ಕೆಂದೇ ಎತ್ತಿಟ್ಟಿದ್ದಾರೆ. 10ರಿಂದ ಶುರುವಾಗುವುದು, 172.16ರಿಂದ 172.31ರವರೆಗಿನದು, 192.168ರದು, ಇವೂ ಒಳಗಿನ ವಿಳಾಸಗಳೇ.

ಒಂದು ಎಚ್ಚರಿಕೆ: ಗೂಗಲ್ ಉತ್ತರದಲ್ಲಿ ಅಕ್ಷರ, ಅಂಕಿ, ಎರಡು ಚುಕ್ಕಿ (:) ಎಲ್ಲ ಬೆರೆತ ಉದ್ದದ ಸಾಲು ಬಂದರೆ ಅದು ಐಪಿವಿ6 ಎಂಬ ಹೊಸ ಬಗೆಯ ವಿಳಾಸ. ಅದನ್ನು ವ್ಯಾನ್ ಐಪಿವಿ4 ಜೊತೆ ಹೋಲಿಸಿ ಗಾಬರಿಯಾಗಬೇಡಿ, ಐಪಿವಿ4 ಮಾತ್ರ ತೋರಿಸುವ ಪುಟದಲ್ಲಿ ನೋಡಿ.

ವಿಳಾಸ 192.168ರದೇ ಬಂದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಫೈಬರ್ ಕಂಪನಿಯ ಪೆಟ್ಟಿಗೆ ಒಂದು, ನೀವು ಅಂಗಡಿಯಿಂದ ತಂದ ರೂಟರ್ ಒಂದು, ಎರಡೂ ಗೇಟ್ ಕಾಯುತ್ತಿರುತ್ತವೆ. ಆಗ ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ಗೇಟ್ ಕಾಯದೆ ಲೈನನ್ನು ಹಾಗೇ ದಾಟಿಸುವ ಸ್ಥಿತಿಗೆ) ಹಾಕಿಸಿ, ನಿಮ್ಮ ರೂಟರಿನಲ್ಲಿ ಪಿಪಿಪಿಒಇ, ಅಂದರೆ ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ಹೆಸರು ಪಾಸ್‌ವರ್ಡ್ ಹಾಕಬೇಕು. ಅಥವಾ ನಿಮ್ಮ ರೂಟರನ್ನು ಬರೀ ವೈಫೈ ಹರಡುವ ಆ್ಯಕ್ಸೆಸ್ ಪಾಯಿಂಟ್ ಮಾಡಿ, ಗೇಟ್ ಕಾಯುವ ಕೆಲಸ ಒಬ್ಬನಿಗೇ ಬಿಡಬೇಕು. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಎರಡನೆಯದು ವಾಸಿ. ಬ್ರಿಡ್ಜ್ ಮೋಡಿನಲ್ಲಿ ಏನಾದರೂ ಕೆಟ್ಟರೆ ಫೋನಿನಲ್ಲಿ ಹೇಳಿ ಸರಿಮಾಡಿಸುವುದು ತ್ರಾಸು.

ಪೋರ್ಟ್ ತೆರೆಯುವುದೇ ಆದರೆ

ಸ್ವಂತ ವಿಳಾಸ ಇದೆ, ಅಥವಾ ಕಂಪನಿಗೆ ಬೇರೆ ಹಣ ಕಟ್ಟಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ತೆಗೆದುಕೊಂಡಿದ್ದೀರಿ ಎಂದುಕೊಳ್ಳೋಣ.

ಮೊದಲು ನಿಮ್ಮ ಡಿವಿಆರ್ ಯಾವ ಪೋರ್ಟ್ ಬಳಸುತ್ತದೆ ನೋಡಿ. ಹಿಕ್‌ವಿಷನ್‌ದು 8000. ದಾಹುವಾದ್ದು ಟಿಸಿಪಿ 37777. ಸಿಪಿ ಪ್ಲಸ್‌ನ ಅನೇಕ ಮಾಡೆಲ್‌ಗಳಲ್ಲೂ ಇದೇ 37777. ಹೆಸರಿಲ್ಲದ ಅಗ್ಗದ ಪೆಟ್ಟಿಗೆಗಳಲ್ಲಿ 34567 ಕಾಣಸಿಗುತ್ತದೆ. ಇದಲ್ಲದೆ ಬ್ರೌಸರಿನಲ್ಲಿ ನೋಡಲು 80 ಮತ್ತು 443, ನೇರ ವಿಡಿಯೋಗೆ 554 ಇರುತ್ತವೆ. ಹಾಕುವ ಹುಡುಗರು ನಾಲ್ಕನ್ನೂ ತೆರೆದುಬಿಡುತ್ತಾರೆ, "ಯಾವುದಕ್ಕೂ ಇರಲಿ" ಎಂದು. ಇರಬೇಕಾಗಿಲ್ಲ. ಮೊಬೈಲ್ ಆ್ಯಪಿಗೆ ಬೇಕಾಗಿರುವುದು ಮೊದಲು ಹೇಳಿದ ಒಂದೇ ಪೋರ್ಟ್. 80ನ್ನಂತೂ ಯಾವ ಕಾರಣಕ್ಕೂ ತೆರೆಯಬೇಡಿ, ಯಾಕೆಂದು ಆಮೇಲೆ ಹೇಳುತ್ತೇನೆ.

ರೂಟರಿನ ಮೆನುವಿನಲ್ಲಿ ಇದು ಎಲ್ಲಿ ಅಡಗಿದೆ ಎಂದು ಹುಡುಕುವುದೇ ಒಂದು ಕೆಲಸ. ಅಡ್ವಾನ್ಸ್ಡ್, ಅಪ್ಲಿಕೇಶನ್, ನ್ಯಾಟ್, ಫೈರ್‌ವಾಲ್ ಇವುಗಳಲ್ಲಿ ಯಾವುದಾದರೂ ಒಂದರ ಕೆಳಗೆ ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಎಂದು ಇರುತ್ತದೆ. ಹೊಸ ಸಾಲು ಸೇರಿಸಿ. ಹೆಸರು ಏನಾದರೂ ಇಡಿ. ಹೊರಗಿನ ಪೋರ್ಟ್, ಒಳಗಿನ ಪೋರ್ಟ್, ಪ್ರೋಟೋಕಾಲ್ ಟಿಸಿಪಿ, ಒಳಗಿನ ಐಪಿ ಎಂದರೆ ಮೊದಲು ಕಟ್ಟಿಹಾಕಿದ ಡಿವಿಆರ್ ವಿಳಾಸ. ಫೈಬರ್ ಪೆಟ್ಟಿಗೆಗಳಲ್ಲಿ ವ್ಯಾನ್ ಇಂಟರ್‌ಫೇಸ್ ಎಂದು ಇನ್ನೊಂದು ಸಾಲಿರುತ್ತದೆ. ಅದರಲ್ಲಿ ಫೋನಿನದ್ದು, ಕಂಪನಿಯವರು ದೂರದಿಂದ ನಿರ್ವಹಿಸುವುದಕ್ಕೆ ಇಟ್ಟದ್ದು, ಇಂಟರ್ನೆಟ್‌ನದ್ದು ಎಂದು ಎರಡು ಮೂರು ಆಯ್ಕೆ ಬರುತ್ತವೆ. ಇಂಟರ್ನೆಟ್ ಎಂದು ಬರೆದದ್ದನ್ನೇ ಆರಿಸಿ. ತಪ್ಪಿ ಮೊದಲನೆಯದು ಉಳಿದರೆ ಉಳಿದೆಲ್ಲ ಸರಿ ಇದ್ದರೂ ಏನೂ ಆಗುವುದಿಲ್ಲ, ತಪ್ಪೂ ತೋರಿಸುವುದಿಲ್ಲ.

ಹೊರಗಿನ ಪೋರ್ಟನ್ನು ಬೇರೆ ಯಾವುದಾದರೂ ಐದಂಕಿಯ ನಂಬರ್ ಮಾಡಬಹುದು, ಒಳಗಿನದು ಮಾತ್ರ ಡಿವಿಆರ್‌ನದೇ ಇರಬೇಕು. ಇದರಿಂದ ಬಾಗಿಲು ತಟ್ಟುವವರು ಸ್ವಲ್ಪ ಕಡಿಮೆಯಾಗುತ್ತಾರೆ, ಅಷ್ಟೇ. ಬೀಗ ಅಂದುಕೊಳ್ಳಬೇಡಿ. ಕೆಲವು ರೂಟರ್‌ಗಳಲ್ಲಿ ಯಾವ ಐಪಿಯಿಂದ ಬಂದವರನ್ನು ಬಿಡಬೇಕು ಎಂದು ಬರೆಯುವ ಜಾಗ ಇದೆ. ನಿಮ್ಮ ಆಫೀಸಿಗೆ ಸ್ಟ್ಯಾಟಿಕ್ ಐಪಿ ಇದ್ದು ಅಲ್ಲಿಂದ ಮಾತ್ರ ನೋಡುವುದಾದರೆ ಅದನ್ನು ತುಂಬಿ, ಅದು ನಿಜವಾಗಿ ಬೀಗವೇ.

ಈಗ ಪರೀಕ್ಷೆ. ಮೊಬೈಲಿನ ವೈಫೈ ಆಫ್ ಮಾಡಿ, ಸಿಮ್ಮಿನ ಡೇಟಾದಲ್ಲಿ ನೋಡಿ. ಮನೆಯ ವೈಫೈನಲ್ಲೇ ಕೂತು ಮನೆಯ ಹೊರಗಿನ ವಿಳಾಸವನ್ನು ಹೊಡೆದರೆ ತುಂಬಾ ರೂಟರ್‌ಗಳು ಸುತ್ತಿ ಒಳಗೆ ಬರಲು ಬಿಡುವುದಿಲ್ಲ. ಆಗ ಸರಿಯಾಗಿ ಮಾಡಿದ್ದನ್ನೂ ತಪ್ಪು ಎಂದುಕೊಂಡು ಅಳಿಸಿಹಾಕುತ್ತೇವೆ. ನಾನು ಎರಡು ಸಲ ಅಳಿಸಿದ್ದೇನೆ. ಆನ್‌ಲೈನ್ ಪೋರ್ಟ್ ಚೆಕರ್ ಪುಟಗಳೂ ಇವೆ, ಮನೆಯ ಕಂಪ್ಯೂಟರಿನಿಂದ ಆ ಪುಟಕ್ಕೆ ಹೋಗಿ ಪೋರ್ಟ್ ನಂಬರ್ ಕೊಟ್ಟರೆ ತೆರೆದಿದೆಯೋ ಮುಚ್ಚಿದೆಯೋ ಹೇಳುತ್ತವೆ.

ಸ್ಟ್ಯಾಟಿಕ್ ಐಪಿ ಇಲ್ಲದಿದ್ದರೆ ಹೊರಗಿನ ವಿಳಾಸ ಆಗಾಗ ಬದಲಾಗುತ್ತದೆ. ಅದಕ್ಕೆ ಡಿಡಿಎನ್‌ಎಸ್. ನೋ-ಐಪಿ, ಡಕ್ ಡಿಎನ್‌ಎಸ್ ಮುಂತಾದವರು ನಿಮಗೊಂದು ಹೆಸರು ಕೊಡುತ್ತಾರೆ, ವಿಳಾಸ ಬದಲಾದಾಗ ರೂಟರೋ ಡಿವಿಆರೋ ಅವರಿಗೆ ಹೊಸದನ್ನು ತಿಳಿಸುತ್ತದೆ. ನೋ-ಐಪಿಯ ಉಚಿತ ಖಾತೆಯಲ್ಲಿ 30 ದಿನಕ್ಕೊಮ್ಮೆ ಈಮೇಲಿನಲ್ಲಿ ಬರುವ ಕೊಂಡಿ ಒತ್ತಿ "ನಾನಿನ್ನೂ ಇದ್ದೇನೆ" ಎಂದು ಹೇಳಬೇಕು. ಡಕ್ ಡಿಎನ್‌ಎಸ್‌ನಲ್ಲಿ ಆ ಕಾಟ ಇಲ್ಲ, ಆದರೆ ಎಲ್ಲ ರೂಟರಿನ ಪಟ್ಟಿಯಲ್ಲೂ ಅದು ಸಿಗುವುದಿಲ್ಲ.

ತೆರೆದ ಬಾಗಿಲಿಗೆ ಯಾರು ಬರುತ್ತಾರೆ

"ನಮ್ಮ ಮನೆ ಅಂಗಳ ನೋಡಿ ಯಾರಿಗೆ ಏನಾಗಬೇಕು" ಎಂದು ಅಪ್ಪಯ್ಯ ಕೇಳಿದರು. ಸರಿಯಾದ ಪ್ರಶ್ನೆಯೇ. ಬರುವವರಿಗೆ ನಿಮ್ಮ ಅಂಗಳ ಬೇಕಾಗಿಲ್ಲ, ನಿಮ್ಮ ಡಿವಿಆರ್ ಬೇಕು. ಅದು ಹಗಲೂ ರಾತ್ರಿ ಆನ್ ಇರುವ, ಯಾರೂ ತಿರುಗಿ ನೋಡದ ಒಂದು ಪುಟ್ಟ ಕಂಪ್ಯೂಟರ್. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ಡಿವಿಆರ್, ಕ್ಯಾಮೆರಾ, ರೂಟರ್‌ಗಳನ್ನೇ ಲಕ್ಷಗಟ್ಟಲೆ ಹಿಡಿಯಿತು. ಅದರ ಬಳಿ ಇದ್ದದ್ದು ದೊಡ್ಡ ಮಂತ್ರವೇನಲ್ಲ, ಕಂಪನಿಯಿಂದ ಬರುವಾಗ ಇರುವ ಅರವತ್ತು ಚಿಲ್ಲರೆ ಯೂಸರ್ ನೇಮ್, ಪಾಸ್‌ವರ್ಡ್‌ಗಳ ಪಟ್ಟಿ. ಅದೇ ವರ್ಷ ಅಕ್ಟೋಬರ್ 21ರಂದು ಆ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದವು. ಅಮೆರಿಕದ ತುಂಬಾ ಜನಕ್ಕೆ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಸಿಗಲಿಲ್ಲ.

ಇಲ್ಲಿ ನೋಡುವುದಕ್ಕೇ ಬರುವವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಒಳಗಿನ ಕ್ಯಾಮೆರಾ ದೃಶ್ಯಗಳು ಮಾರಾಟಕ್ಕೇ ಬಂದ ಸುದ್ದಿ ನೀವೂ ಓದಿರಬಹುದು.

ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕಲ್ವಾ ಎಂದರೆ, ಸಾಲದು. 2021ರ ಸೆಪ್ಟೆಂಬರ್‌ನಲ್ಲಿ ಹಿಕ್‌ವಿಷನ್‌ನ ಅನೇಕ ಮಾಡೆಲ್‌ಗಳಲ್ಲಿ ಒಂದು ದೋಷ ಹೊರಬಂತು. ಅದರಲ್ಲಿ ಪಾಸ್‌ವರ್ಡೇ ಬೇಕಾಗಿರಲಿಲ್ಲ, ಬ್ರೌಸರ್ ಪೋರ್ಟ್ ತಲುಪಿದರೆ ಸಾಕು, ಒಳಗೆ ನುಗ್ಗಬಹುದಿತ್ತು. 80 ತೆರೆಯಬೇಡಿ ಎಂದದ್ದು ಇದಕ್ಕೇ. ಅದೇ ವರ್ಷ ದಾಹುವಾದಲ್ಲೂ ಪಾಸ್‌ವರ್ಡ್ ದಾಟಿ ಹೋಗುವ ದೋಷಗಳು ಸಿಕ್ಕವು. ಎರಡೂ ಕಂಪನಿ ಹೊಸ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ತಂತ್ರಾಂಶ) ಕೊಟ್ಟವು. ಆದರೆ ಅಡಿಕೆ ತೋಟದ ಮನೆಯ ಡಿವಿಆರ್‌ಗೆ ಹೊಸ ಫರ್ಮ್‌ವೇರ್ ಹಾಕುವವರು ಯಾರು ಹೇಳಿ?

ನಮ್ಮ ಡಿವಿಆರ್‌ನ ಪಾಸ್‌ವರ್ಡ್ ಏನೆಂದು ಕೇಳಿದಾಗ ಹಾಕಿದ ಹುಡುಗ ಯೋಚನೆಯೇ ಮಾಡದೆ ಹೇಳಿದ. ಅವನಿಗೆ ಅಷ್ಟು ಚೆನ್ನಾಗಿ ನೆನಪಿದ್ದದ್ದು ಯಾಕೆಂದರೆ ಊರಿನ ಎಲ್ಲ ಮನೆಗೂ ಅದೇ. ನೀವೂ ಕೇಳಿ ನೋಡಿ. ಕೇಳಿದ ದಿನವೇ ಬದಲಿಸಿ. ಅಡ್ಮಿನ್ ಖಾತೆಯನ್ನು ನಿಮ್ಮ ಹತ್ತಿರ ಇಟ್ಟುಕೊಂಡು, ನೋಡುವುದಕ್ಕಷ್ಟೇ ಅನುಮತಿ ಇರುವ ಇನ್ನೊಂದು ಖಾತೆ ಮಾಡಿ ಮನೆಯವರ ಮೊಬೈಲಿಗೆ ಹಾಕಿ. ಭಾವನ ಫೋನ್ ಬಸ್ಸಿನಲ್ಲಿ ಕಳೆದರೆ ಆ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು.

ಇನ್ನೊಂದು ಯುಪಿಎನ್‌ಪಿ. ರೂಟರಿನಲ್ಲಿ ಇದು ಆನ್ ಇದ್ದರೆ ಡಿವಿಆರ್ ತನಗೆ ಬೇಕಾದ ಪೋರ್ಟ್‌ಗಳನ್ನು ತಾನೇ ತೆರೆದುಕೊಳ್ಳುತ್ತದೆ, ನಿಮ್ಮನ್ನು ಕೇಳುವುದೇ ಇಲ್ಲ. ಎರಡೂ ಕಡೆ ಆಫ್ ಮಾಡಿ. ರೂಟರಿನ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ಅದನ್ನೂ. ಎಲ್ಲ ಪೋರ್ಟನ್ನೂ ಒಂದೇ ಯಂತ್ರಕ್ಕೆ ತೆರೆದುಬಿಡುವ ಡಿಎಂಝಡ್ ಎಂಬ ಆಯ್ಕೆ ಹಾಕಿದರೆ ಬೇಗ ಕೆಲಸವಾಗುತ್ತದೆ ಎಂದು ಯಾರಾದರೂ ಹೇಳಿದರೆ, ಹೌದು, ಆಗುತ್ತದೆ. ಬಾಗಿಲೇ ಕಿತ್ತಿಟ್ಟರೆ ಒಳಗೆ ಬರುವುದು ಸುಲಭವೇ.

ಪೋರ್ಟ್ ತೆರೆಯದ ಎರಡು ದಾರಿ

ಸುಲಭದ ದಾರಿ ಕಂಪನಿಯ ಕ್ಲೌಡ್. ಡಿವಿಆರ್‌ನ ಮೆನುವಿನಲ್ಲಿ ಪಿ2ಪಿ ಎಂದೋ ಪ್ಲಾಟ್‌ಫಾರ್ಮ್ ಆ್ಯಕ್ಸೆಸ್ ಎಂದೋ ಇರುತ್ತದೆ. ಆನ್ ಮಾಡಿ, ಆ್ಯಪಿನಲ್ಲಿ ಕ್ಯೂಆರ್ ಕೋಡ್ ತೋರಿಸಿ, ಆಯಿತು. ಹಿಕ್‌ವಿಷನ್‌ಗೆ ಹಿಕ್-ಕನೆಕ್ಟ್, ದಾಹುವಾಗೆ ಡಿಎಂಎಸ್‌ಎಸ್. ಇಲ್ಲಿ ಡಿವಿಆರೇ ಒಳಗಿನಿಂದ ಹೊರಗೆ ಹೋಗಿ ಕಂಪನಿಯ ಸರ್ವರ್ ಹತ್ತಿರ ನಿಂತಿರುತ್ತದೆ, ನಿಮ್ಮ ಮೊಬೈಲ್ ಅಲ್ಲಿ ಬಂದು ಅದನ್ನು ಭೇಟಿಯಾಗುತ್ತದೆ. ಸಿಜಿ ನ್ಯಾಟ್ ಇದ್ದರೂ ನಡೆಯುತ್ತದೆ. ಮಧ್ಯದಲ್ಲಿ ಮೂರನೆಯವರ ಸರ್ವರ್ ಇದೆ ಎಂಬುದು ಒಂದೇ ಕಸಿವಿಸಿ. ಕ್ಯಾಮೆರಾ ಇರುವುದು ಗೇಟಿಗೆ, ಕೊಟ್ಟಿಗೆಗೆ ಮಾತ್ರ ಎಂದಾದರೆ ನಾನು ಇದನ್ನೇ ಮಾಡಿ ಎನ್ನುತ್ತೇನೆ, ತಲೆನೋವಿಲ್ಲ. ಕ್ಯೂಆರ್ ಕೋಡ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕ್ಕರಿನ ಫೋಟೋವನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ನನಗೆ ಒಗ್ಗಿದ್ದು ವಿಪಿಎನ್. ಮನೆಯ ನೆಟ್‌ವರ್ಕಿಗೂ ನನ್ನ ಮೊಬೈಲಿಗೂ ನಡುವೆ ಒಂದು ಬೀಗ ಹಾಕಿದ ಸುರಂಗ, ಅಷ್ಟೇ. ಸ್ವಂತ ವಿಳಾಸ ಇದ್ದವರಿಗೆ ವೈರ್‌ಗಾರ್ಡ್ ಒಳ್ಳೆಯದು. ಈಗಿನ ಸುಮಾರು ಒಳ್ಳೆಯ ರೂಟರ್‌ಗಳಲ್ಲಿ ಅದು ಒಳಗೇ ಇರುತ್ತದೆ. ಅದಕ್ಕೂ ಒಂದು ಪೋರ್ಟ್ ಬೇಕು, ಸಾಮಾನ್ಯವಾಗಿ ಯುಡಿಪಿ 51820. ಆದರೆ ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹೊರಗಿನವರಿಗೆ ಅಲ್ಲಿ ಬಾಗಿಲಿದೆ ಎಂದೇ ಗೊತ್ತಾಗುವುದಿಲ್ಲ. ಡಿವಿಆರ್‌ನ ಪೋರ್ಟ್ ತೆರೆಯುವುದಕ್ಕೂ ಇದಕ್ಕೂ ಅದೇ ವ್ಯತ್ಯಾಸ.

ನಮ್ಮ ಮನೆಯಲ್ಲಿ ಸಿಜಿ ನ್ಯಾಟ್. ಹಾಗಾಗಿ ಟೇಲ್‌ಸ್ಕೇಲ್ ಹಾಕಿದೆ. ಇದು ವೈರ್‌ಗಾರ್ಡನ್ನೇ ಒಳಗೆ ಇಟ್ಟುಕೊಂಡಿದೆ, ಎರಡೂ ಕಡೆಯಿಂದ ಹೊರಗೆ ಹೋಗಿ ಭೇಟಿಯಾಗುವ ವ್ಯವಸ್ಥೆ ಮಾಡುತ್ತದೆ, ಮನೆಮಟ್ಟದ ಬಳಕೆಗೆ ಉಚಿತ. ಡಿವಿಆರ್ ಒಳಗೆ ಇದನ್ನು ಹಾಕಲು ಆಗುವುದಿಲ್ಲ. ಆದ್ದರಿಂದ ಊರಿನಲ್ಲಿ ಸದಾ ಆನ್ ಇರುವ ಇನ್ನೊಂದು ಯಂತ್ರ ಬೇಕು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆಗಬಹುದು, ಮೂಲೆಯಲ್ಲಿ ಬಿದ್ದ ಹಳೇ ಲ್ಯಾಪ್‌ಟಾಪೂ ಆಗಬಹುದು. ನಾನು ಪೈ ಇಟ್ಟೆ, ಕರೆಂಟ್ ಬಹಳ ಕಡಿಮೆ ತಿನ್ನುತ್ತದೆ. ಪೈ ಮೇಲೆ ಟೇಲ್‌ಸ್ಕೇಲ್ ಹಾಕಿ, ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಅದನ್ನು ಸಬ್‌ನೆಟ್ ರೂಟರ್ ಮಾಡಬೇಕು. ಅಂದರೆ "ಈ ಮನೆಯ ಇಡೀ ನೆಟ್‌ವರ್ಕಿಗೆ ನನ್ನ ಮೂಲಕ ಬನ್ನಿ" ಎಂದು ಪೈ ಹೇಳುವ ಹಾಗೆ. ಆಮೇಲೆ ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟಕ್ಕೆ ಹೋಗಿ ಆ ದಾರಿಗೆ ಒಪ್ಪಿಗೆ ಕೊಡಬೇಕು. ಈ ಒಪ್ಪಿಗೆ ಮರೆಯುವವರೇ ಜಾಸ್ತಿ. ಇಷ್ಟಾದರೆ ಬೆಂಗಳೂರಿನಲ್ಲಿ ಮೊಬೈಲಿನ ಟೇಲ್‌ಸ್ಕೇಲ್ ಆನ್ ಮಾಡಿ, ಡಿವಿಆರ್ ಆ್ಯಪಿನಲ್ಲಿ ಮನೆಯೊಳಗಿನ ವಿಳಾಸವನ್ನೇ ಹಾಕಿದರೆ ಅಂಗಳ ಕಾಣುತ್ತದೆ. ಟೇಲ್‌ಸ್ಕೇಲ್ ಕೊಡುವ ವಿಳಾಸವೂ 100ರಿಂದ ಶುರುವಾಗುತ್ತದೆ, ಅದನ್ನು ನೋಡಿ ಸಿಜಿ ನ್ಯಾಟ್ ಎಂದು ಗೊಂದಲ ಮಾಡಿಕೊಳ್ಳಬೇಡಿ.

ಇಲ್ಲಿ ಎರಡು ಕಡೆ ಎಡವುತ್ತೀರಿ, ನಾನು ಎಡವಿದ್ದರಿಂದ ಹೇಳುತ್ತಿದ್ದೇನೆ. ಒಂದು, ಬೆಂಗಳೂರಿನ ಬಾಡಿಗೆ ಮನೆಯ ವೈಫೈಯೂ 192.168.1, ಊರಿನದೂ 192.168.1. ಮೊಬೈಲಿಗೆ ಯಾವ ಕಡೆ ಹೋಗಬೇಕೆಂದೇ ತಿಳಿಯುವುದಿಲ್ಲ. ಸಿಮ್ ಡೇಟಾದಲ್ಲಿ ಕಾಣುತ್ತದೆ, ಮನೆಯ ವೈಫೈನಲ್ಲಿ ಕಾಣುವುದಿಲ್ಲ ಎಂದರೆ ಇದೇ ಕಾರಣ. ಮೂರನೇ ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಊರಿನ ರೂಟರನ್ನು 192.168.77.1 ತರಹ ಯಾರೂ ಇಟ್ಟುಕೊಳ್ಳದ ನಂಬರಿಗೆ ಬದಲಿಸಿ, ಡಿವಿಆರ್ ವಿಳಾಸವನ್ನು ಮತ್ತೆ ಕಟ್ಟಿ. ಈ ಕೆಲಸ ಊರಿಗೆ ಹೋದಾಗಲೇ ಮಾಡಿ, ದೂರದಿಂದ ಮಾಡಿದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಎರಡು, ಟೇಲ್‌ಸ್ಕೇಲ್‌ನಲ್ಲಿ ಪ್ರತಿ ಯಂತ್ರದ ಕೀಲಿ 180 ದಿನಕ್ಕೆ ಮುಗಿಯುತ್ತದೆ. ದಸರಾ ರಜೆಯಲ್ಲಿ ಎಲ್ಲ ಜೋಡಿಸಿ ಬಂದಿದ್ದೆ, ಏಪ್ರಿಲ್‌ನಲ್ಲಿ ಒಂದು ದಿನ ಬೆಳಗ್ಗೆ ಕತ್ತಲೆ. ಅಡ್ಮಿನ್ ಪುಟದಲ್ಲಿ ಪೈ ಎದುರಿಗೆ ಕೀ ಎಕ್ಸ್‌ಪೈರಿ ನಿಲ್ಲಿಸುವ ಆಯ್ಕೆ ಇದೆ, ಮೊದಲ ದಿನವೇ ಒತ್ತಿಬಿಡಿ.

ಚೆನ್ನಾಗಿ ಓಡಬೇಕಾದರೆ

ಚಿತ್ರ ತಡವರಿಸುತ್ತಿದ್ದರೆ ರೂಟರನ್ನು ಬೈಯುವ ಮೊದಲು ಸ್ಟ್ರೀಮ್, ಅಂದರೆ ಹರಿದುಬರುವ ವಿಡಿಯೋ ಎಷ್ಟು ದೊಡ್ಡದು ಎಂದು ನೋಡಿ. 2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾದ ಮುಖ್ಯ ಸ್ಟ್ರೀಮ್ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಕೇಳುತ್ತದೆ, ನಾಲ್ಕಕ್ಕೆ 16. ಇದು ಊರಿನಿಂದ ಹೊರಗೆ ಹೋಗುವ ವೇಗ, ಅಂದರೆ ಅಪ್‌ಲೋಡ್. ಆ್ಯಪಿನಲ್ಲಿ ಸಬ್ ಸ್ಟ್ರೀಮ್ (ಸಣ್ಣ ಚಿತ್ರ) ಆರಿಸಿದರೆ 512 ಕಿಲೋಬಿಟ್‌ನಲ್ಲಿ ಕೆಲಸ ಆಗುತ್ತದೆ. ಮಂಗ ಬಂದಿದೆಯೋ ಮನುಷ್ಯ ಬಂದಿದ್ದಾನೋ ತಿಳಿಯಲು ಅಷ್ಟು ಸಾಕು. ಮುಖ ಸ್ಪಷ್ಟವಾಗಿ ಬೇಕಾದರೆ ಆ ಒಂದು ಕ್ಯಾಮೆರಾವನ್ನು ಮಾತ್ರ ದೊಡ್ಡದು ಮಾಡಿ ಮುಖ್ಯ ಸ್ಟ್ರೀಮಿಗೆ ಬದಲಿಸಿ.

ಡಿವಿಆರ್‌ನ ಟೈಮ್ ಜೋನ್ 5:30 ಇದೆಯಾ ನೋಡಿ, ಇಂಟರ್ನೆಟ್ಟಿನಿಂದ ಗಂಟೆ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ. ರೆಕಾರ್ಡಿಂಗ್‌ನಲ್ಲಿ ಗಂಟೆ ತಪ್ಪಿದ್ದರೆ ನಾಳೆ ಪೊಲೀಸ್ ಠಾಣೆಗೆ ಕೊಡಬೇಕಾಗಿ ಬಂದಾಗ ಅದನ್ನು ವಿವರಿಸುವುದೇ ಒಂದು ಗೋಳು.

ಕರೆಂಟ್ ಹೋದರೆ ಡಿವಿಆರ್ ಮಾತ್ರ ಇನ್ವರ್ಟರ್‌ನಲ್ಲಿ ಇದ್ದು ರೂಟರ್ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ರೂಟರಿಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ, ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪ್ ನೋಡಿಕೊಂಡು ತನ್ನಿ. ಸಿಡಿಲಿಗೆ ಮಾತ್ರ ಪ್ಲಗ್ ಕೀಳುವುದೇ ಮದ್ದು. ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಅಡಾಪ್ಟರಿನಲ್ಲಿ ಬರುತ್ತದೆ, ಹೊರಗಿನ ಕ್ಯಾಮೆರಾದ ತಾಮ್ರದ ಕೇಬಲ್ಲಿನಲ್ಲೂ ಬರುತ್ತದೆ.

ಕೊನೆಗೆ, ಫೈಬರ್ ಪೆಟ್ಟಿಗೆಯ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿ ಬಂದಿದ್ದೇನೆ, ದಪ್ಪ ಅಕ್ಷರದಲ್ಲಿ. ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿಣುಕಿದರೆ ಫೈಬರ್ ಎಲ್ಲೋ ತುಂಡಾಗಿದೆ, ಲೈನ್‌ನವರಿಗೆ ಫೋನ್ ಮಾಡುವುದು, ಏನನ್ನೂ ಮುಟ್ಟಬಾರದು. ಪವರ್ ದೀಪವೇ ಇಲ್ಲದಿದ್ದರೆ ಯುಪಿಎಸ್ ನೋಡುವುದು. ಎಲ್ಲ ದೀಪ ಹಸಿರಾಗಿದ್ದೂ ಕ್ಯಾಮೆರಾ ಕಾಣದಿದ್ದರೆ ಪ್ಲಗ್ ತೆಗೆದು ಎರಡು ನಿಮಿಷ ಬಿಟ್ಟು ಹಾಕುವುದು. ಪೆಟ್ಟಿಗೆಯ ಹಿಂದಿನ ಸಣ್ಣ ರೀಸೆಟ್ ತೂತಿಗೆ ಸೂಜಿ ಚುಚ್ಚಬಾರದು, ಯಾರು ಹೇಳಿದರೂ ಚುಚ್ಚಬಾರದು. ಆ ಕೊನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಯಾಕೆಂದರೆ ಒಮ್ಮೆ ಅಪ್ಪಯ್ಯ ಚುಚ್ಚಿದ್ದಾರೆ.